ಹೊನ್ನಹನಿ ಕಪ್ಪೆ: ಬ್ರೆಜಿಲ್‌ನ ಬೆಟ್ಟಗಾಡಿನ ಪುಟ್ಟ ನೆಲಗಪ್ಪೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹೊನ್ನಹನಿ ಕಪ್ಪೆ ಎಂದರೆ ಯಾವುದು?

ಬ್ರೆಜಿಲ್ ದೇಶದ ಆಗ್ನೇಯ ಭಾಗದಲ್ಲಿ, ಅಟ್ಲಾಂಟಿಕ್ ಕರಾವಳಿಯ ಉದ್ದಕ್ಕೂ ಹಬ್ಬಿರುವ ಸೆರ್ರಾ ಡು ಮಾರ್ ಮತ್ತು ಅದರ ಒಳನಾಡಿನ ಕಡೆಗಿರುವ ಸೆರ್ರಾ ಡಾ ಮಾಂಟಿಕೇರಾ ಬೆಟ್ಟಸಾಲುಗಳ ತೇವದ ಕಾಡುಗಳಲ್ಲಿ, ತರಗೆಲೆಯ ನಡುವೆ ಬದುಕುವ ಹಳದಿ-ಕಿತ್ತಳೆ ಬಣ್ಣದ ಅತಿ ಚಿಕ್ಕ ಕಪ್ಪೆ ಇದು. ಇದರ ವೈಜ್ಞಾನಿಕ ಹೆಸರು ಬ್ರಾಕಿಸೆಫಾಲಸ್ ಎಫಿಪ್ಪಿಯಮ್. ಅಲ್ಲಿನ ಜನ ಪೋರ್ಚುಗೀಸ್ ಭಾಷೆಯಲ್ಲಿ ಇದನ್ನು ಚಿನ್ನದ ಹನಿ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ; ಈ ಪುಟದಲ್ಲಿ ಅದನ್ನೇ ಅನುಸರಿಸಿ ಹೊನ್ನಹನಿ ಕಪ್ಪೆ ಎಂದು ಬರೆಯಲಾಗಿದೆ. ಇದೇ ಕುಲದ ಬೇರೆ ಪ್ರಭೇದಗಳ ಬಗ್ಗೆ ಹೇಳುವಾಗ ಅವುಗಳ ಹೆಸರನ್ನು ಪ್ರತ್ಯೇಕವಾಗಿ ಕೊಡಲಾಗಿದೆ.

ಇದನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು ಯಾರು?

ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಯೋಹಾನ್ ಬ್ಯಾಪ್ಟಿಸ್ಟ್ ಫಾನ್ ಸ್ಪಿಕ್ಸ್. ಆಸ್ಟ್ರಿಯದ ರಾಜಕುಮಾರಿ ಲಿಯೊಪೋಲ್ಡಿನಾ ಮದುವೆಯಾಗಿ ಬ್ರೆಜಿಲ್‌ಗೆ ಹೊರಟ ಸಂದರ್ಭದಲ್ಲಿ, 1817ರಲ್ಲಿ, ಅಲ್ಲಿಗೆ ಹೋದ ವಿಜ್ಞಾನಿಗಳ ತಂಡದಲ್ಲಿ ಸ್ಪಿಕ್ಸ್ ಮತ್ತು ಸಸ್ಯಶಾಸ್ತ್ರಜ್ಞ ಮಾರ್ಟಿಯಸ್ ಇದ್ದರು. 1820ರವರೆಗೆ ಬ್ರೆಜಿಲ್ ಸುತ್ತಿದ ಸ್ಪಿಕ್ಸ್, ತಾವು ಸಂಗ್ರಹಿಸಿ ತಂದ ಪ್ರಾಣಿಗಳ ಪೈಕಿ ಈ ಕಪ್ಪೆಯನ್ನು 1824ರಲ್ಲಿ ವರ್ಣಿಸಿದರು. ಎರಡು ವರ್ಷಗಳ ಬಳಿಕ ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞ ಫಿಟ್ಸಿಂಗರ್ ಇದಕ್ಕಾಗಿಯೇ ಬ್ರಾಕಿಸೆಫಾಲಸ್ ಎಂಬ ಕುಲವನ್ನು ಸ್ಥಾಪಿಸಿದರು.

ಇದು ಎಷ್ಟು ಚಿಕ್ಕದು?

ಬೆಳೆದ ಹೊನ್ನಹನಿ ಕಪ್ಪೆಯ ಉದ್ದ, ಮೂತಿಯಿಂದ ಹಿಂಭಾಗದವರೆಗೆ, ಸುಮಾರು 12ರಿಂದ 20 ಮಿಲಿಮೀಟರ್. ದೊಡ್ಡದೆಂದರೆ ಮುಕ್ಕಾಲು ಅಂಗುಲ. ಆದರೂ ತನ್ನ ಕುಲದಲ್ಲಿ ಇದು ದೊಡ್ಡವುಗಳ ಸಾಲಿಗೇ ಸೇರುತ್ತದೆ.

ಹಾಗಾದರೆ ಈ ಕುಲದಲ್ಲಿ ಅತಿ ಚಿಕ್ಕದು ಯಾವುದು?

ಬಹಿಯಾ ರಾಜ್ಯದ ದಕ್ಷಿಣ ಭಾಗದಲ್ಲಿರುವ ಸೆರ್ರಾ ಬೊನಿಟಾ ಬೆಟ್ಟದಿಂದ 2011ರಲ್ಲಿ ವರದಿಯಾದ ಬ್ರಾಕಿಸೆಫಾಲಸ್ ಪ್ಯೂಲೆಕ್ಸ್. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಪ್ರಭೇದದ ಒಂದು ಗಂಡು ಕಪ್ಪೆ ಕೇವಲ 6.45 ಮಿಲಿಮೀಟರ್ ಉದ್ದವಿದ್ದುದು ದಾಖಲಾಗಿದೆ. ಬೆನ್ನುಮೂಳೆಯುಳ್ಳ ಪ್ರಾಣಿಗಳಲ್ಲೆಲ್ಲ ಇಷ್ಟು ಚಿಕ್ಕ ವಯಸ್ಕ ಜೀವಿ ಅದುವರೆಗೆ ಸಿಕ್ಕಿರಲಿಲ್ಲ. 2012ರಿಂದ ಆ ದಾಖಲೆ ಪಪುವಾ ನ್ಯೂಗಿನಿಯ ಪೀಡೊಫ್ರಿನ್ ಅಮಾವೆನ್ಸಿಸ್ ಎಂಬ ಕಪ್ಪೆಯ ಹೆಸರಿನಲ್ಲಿತ್ತು. ಸಂಬಂಧವೇ ಇಲ್ಲದ ಎರಡು ಕಪ್ಪೆಗಳು ಭೂಗೋಳದ ಎರಡು ಕಡೆ, ಎರಡೂ ಮಳೆಕಾಡಿನ ತರಗೆಲೆಯಲ್ಲಿಯೇ, ಇಷ್ಟು ಚಿಕ್ಕದಾಗಿ ವಿಕಾಸಗೊಂಡಿರುವುದು ಆಕಸ್ಮಿಕವಲ್ಲ. ಒಣಹವೆಗೆ ಸಿಕ್ಕರೆ ಇಂಥ ಪುಟ್ಟ ದೇಹ ಬಹುಬೇಗ ನೀರು ಕಳೆದುಕೊಳ್ಳುತ್ತದೆ. ಸದಾ ಒದ್ದೆಯಾಗಿರುವ, ನುಸಿಗಳಂಥ ಅತಿ ಸಣ್ಣ ಆಹಾರ ಹೇರಳವಾಗಿ ಸಿಗುವ ನೆಲದಲ್ಲಿ ಮಾತ್ರ ಅದಕ್ಕೆ ಬಾಳಲು ಸಾಧ್ಯ.

ನೋಡಲು ಹೇಗಿರುತ್ತದೆ? ಕಪ್ಪೆಯೋ, ನೆಲಗಪ್ಪೆಯೋ?

ಮೈ ದುಂಡಗೆ, ತಲೆ ಅಗಲ ಮತ್ತು ಮೊಂಡು, ಕಾಲುಗಳು ಸಪೂರ, ಕಣ್ಣು ಅಚ್ಚ ಕಪ್ಪು. ಒರಟು ಚರ್ಮದ ನೆಲಗಪ್ಪೆಗಳ ಕುಟುಂಬಕ್ಕೂ ಇದಕ್ಕೂ ಸಂಬಂಧವಿಲ್ಲ. ನೆಲದ ಮೇಲೆ ಬಾಳುವುದರಿಂದ ಹಾಗೆ ಕರೆಯುವುದಷ್ಟೇ. ಸಾಮಾನ್ಯವಾಗಿ ಕಪ್ಪೆಗಳ ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಐದು ಬೆರಳುಗಳಿರುತ್ತವೆ. ಈ ಕಪ್ಪೆಯಲ್ಲಿ ಕೆಲಸಕ್ಕೆ ಬರುವ ಬೆರಳುಗಳು ಮುಂದೆ ಎರಡು, ಹಿಂದೆ ಮೂರು. ಉಳಿದವು ಕುಗ್ಗಿ ಗುರುತು ಮಾತ್ರ ಉಳಿದಿವೆ. ದೇಹ ಕಿರಿದಾಗುತ್ತ ಬಂದಂತೆ ಅಂಗಗಳು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಕೆಲವು ಇಲ್ಲವಾಗುತ್ತವೆ, ಕೆಲವು ಇದ್ದೂ ಕೆಲಸ ಮಾಡದಂತಾಗುತ್ತವೆ. ಈ ಕಪ್ಪೆಯ ಬಗ್ಗೆ ಕಳೆದ ಕೆಲವು ವರ್ಷಗಳಲ್ಲಿ ತಿಳಿದುಬಂದ ಸಂಗತಿಗಳಲ್ಲಿ ಹೆಚ್ಚಿನವು ಇದೇ ಮಾತಿಗೆ ಬಂದು ನಿಲ್ಲುತ್ತವೆ.

ಇನ್ನೊಂದು ವಿಶೇಷವೆಂದರೆ ಬೆನ್ನಿನ ಚರ್ಮದ ಕೆಳಗೆ, ಬೆನ್ನೆಲುಬಿಗೆ ಹೊಂದಿಕೊಂಡು, ಕುದುರೆಯ ಜೀನಿನ ಆಕಾರದಲ್ಲಿ ಹರಡಿರುವ ಮೂಳೆಯ ಫಲಕ.

ಇದು ತನ್ನ ಕೂಗನ್ನು ತಾನೇ ಕೇಳಿಸಿಕೊಳ್ಳಲಾರದು ಎಂಬುದು ನಿಜವೇ?

ನಿಜ. ಗಂಡು ಹೊನ್ನಹನಿ ಕಪ್ಪೆ ಹಗಲಿನಲ್ಲಿ ತರಗೆಲೆಯ ಮೇಲೆ ನಿಂತು, ಕೀಟದ ದನಿಯನ್ನು ಹೋಲುವ ಸಣ್ಣ ಝೇಂಕಾರದಂಥ ಕೂಗು ಹೊರಡಿಸುತ್ತದೆ. ಕಪ್ಪೆಗಳ ಕೂಗು ಹೆಣ್ಣನ್ನು ಕರೆಯಲು, ಎದುರಾಳಿ ಗಂಡನ್ನು ದೂರವಿಡಲು ಎಂದು ನಾವೆಲ್ಲ ಓದಿದ್ದೇವೆ. ಆದರೆ ಸಾಂಡ್ರಾ ಗೂಟ್ ಮತ್ತು ಸಂಗಡಿಗರು ಹೊನ್ನಹನಿ ಕಪ್ಪೆಯನ್ನೂ ಅದರ ಹತ್ತಿರದ ಬಂಧುವಾದ ಬ್ರಾಕಿಸೆಫಾಲಸ್ ಪಿಟಾಂಗಾವನ್ನೂ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು. ಧ್ವನಿಮುದ್ರಿಸಿಕೊಂಡ ಕೂಗನ್ನು ಈ ಕಪ್ಪೆಗಳ ಎದುರು ನುಡಿಸಿದಾಗ ಅವು ತಿರುಗಲಿಲ್ಲ, ಮರುಕೂಗು ಕೊಡಲಿಲ್ಲ, ತಮ್ಮ ಕೂಗಿನ ಲಯವನ್ನೂ ಬದಲಿಸಲಿಲ್ಲ. ಶ್ರವಣ ನರವ್ಯೂಹದ ಅಳತೆಗಳೂ ಇದನ್ನೇ ಹೇಳಿದವು: ಕೆಳಸ್ಥಾಯಿಯ ಸದ್ದು ಅವುಗಳಿಗೆ ತಕ್ಕಮಟ್ಟಿಗೆ ತಿಳಿಯುತ್ತದೆ, ಆದರೆ ತಮ್ಮದೇ ಕೂಗಿನ ಮೇಲುಸ್ಥಾಯಿ ತಿಳಿಯುವುದಿಲ್ಲ.

ಕಾರಣ ಕಿವಿಯ ರಚನೆಯಲ್ಲಿದೆ. ಈ ಕಪ್ಪೆಗೆ ಕಿವಿತಮಟೆಯಾಗಲಿ ನಡುಗಿವಿಯಾಗಲಿ ಇಲ್ಲ. ಅಷ್ಟೇ ಆಗಿದ್ದರೆ ಬೇರೆ ದಾರಿಯಿಂದ ಸದ್ದು ಒಳಗಿವಿಯನ್ನು ತಲಪಬಹುದಿತ್ತು. ಹಾಗೆ ಕೇಳಿಸಿಕೊಳ್ಳುವ ಕಪ್ಪೆಗಳು ಇವೆ. ಆದರೆ ಕಪ್ಪೆಗಳ ಒಳಗಿವಿಯಲ್ಲಿ ಮೇಲುಸ್ಥಾಯಿಯ ಸದ್ದಿಗೆಂದೇ ಇರುವ ಪ್ರತ್ಯೇಕ ಅಂಗ ಈ ಎರಡು ಪ್ರಭೇದಗಳಲ್ಲಿ ಪೂರ್ತಿ ಬೆಳೆದೇ ಇಲ್ಲ.

ಕೇಳದ ಮೇಲೆ ಕೂಗುವುದೇಕೆ?

ಕೂಗುವಾಗ ಗಂಟಲಿನ ಧ್ವನಿಚೀಲ ಉಬ್ಬಿ ಇಳಿಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಗಂಡುಗಳು ಎದುರಾಳಿಯನ್ನು ಕಂಡಾಗ ಮುಂಗಾಲನ್ನೆತ್ತಿ ಮುಖದೆದುರು ಮೇಲೆ ಕೆಳಗೆ ಆಡಿಸುವುದನ್ನು 1990ರ ದಶಕದಲ್ಲಿಯೇ ಬ್ರೆಜಿಲ್‌ನ ಸಂಶೋಧಕರು ವರ್ಣಿಸಿದ್ದಾರೆ. ಹಗಲಿನಲ್ಲಿ ಓಡಾಡುವ, ಕಡುಬಣ್ಣದ ಕಪ್ಪೆಗೆ ಸದ್ದಿಗಿಂತ ನೋಟವೇ ಮುಖ್ಯ ಸಂಕೇತವಾಗಿರುವುದು ಸಹಜ. ಪೂರ್ವಿಕರಿಗೆ ಕೇಳಿಸುತ್ತಿದ್ದ ಕೂಗು ಕಿವಿ ಮಂದವಾದ ಮೇಲೂ ಉಳಿದುಬಂದಿರಬೇಕು ಎಂಬುದು ಸಾಂಡ್ರಾ ಗೂಟ್ ಅವರ ತಂಡದ ವಿವರಣೆ. ಕೂಗಿದರೆ ಹಗೆಗಳಿಗೆ ಸುಳಿವು ಸಿಗುತ್ತದೆ ಎಂಬ ಅಪಾಯ ಇದ್ದೇ ಇದೆಯಾದರೂ, ವಿಷವುಳ್ಳ ಪ್ರಾಣಿಗೆ ಆ ಅಪಾಯ ಅಷ್ಟು ದುಬಾರಿಯಲ್ಲ.

ನಮ್ಮ ಓದುಗರಿಗೆ ಇಲ್ಲಿ ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳು ನೆನಪಾಗಬಹುದು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ, ಬೆಂಗಳೂರಿನ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ವರ್ಣಿಸಿದ ಕಪ್ಪೆ ಅವುಗಳಲ್ಲೊಂದು. ಹರಿಯುವ ಹಳ್ಳದ ಸದ್ದಿನ ನಡುವೆ ಅವು ಹಿಂಗಾಲನ್ನು ಚಾಚಿ ಆಡಿಸಿ ಸಂಕೇತ ಕೊಡುತ್ತವೆ. ಅವುಗಳಿಗೆ ಹೊರಗಿನ ಗದ್ದಲದ ತೊಡಕು, ಹೊನ್ನಹನಿ ಕಪ್ಪೆಗೆ ಒಳಗಿನ ಕಿವಿಯದು. ಆದರೆ ಇಬ್ಬರೂ ಕಂಡುಕೊಂಡ ಉಪಾಯ ಒಂದೇ ಜಾತಿಯದು.

ಇದು ಹೊಳೆಯುತ್ತದೆಯೇ?

ನೇರಳಾತೀತ ಬೆಳಕು ಬಿದ್ದಾಗ ತಲೆ ಮತ್ತು ಬೆನ್ನಿನ ಮೂಳೆ ಫಲಕಗಳು ನೀಲಿಯಾಗಿ ಬೆಳಗುತ್ತವೆ. ಇದನ್ನೂ ಸಾಂಡ್ರಾ ಗೂಟ್ ಅವರ ತಂಡವೇ 2019ರಲ್ಲಿ ವರದಿ ಮಾಡಿತು. ಮೂಳೆ ನೇರಳಾತೀತ ಬೆಳಕಿಗೆ ಹೊಳೆಯುವುದು ಅಪರೂಪವಲ್ಲ. ಆ ಹೊಳಪು ಬದುಕಿರುವ ಪ್ರಾಣಿಯ ಚರ್ಮದ ಮೂಲಕ ಹೊರಗೆ ಕಾಣುವುದು ಅಪರೂಪ. ಈ ಕಪ್ಪೆಯಲ್ಲಿ ಮೂಳೆ ಫಲಕದ ಮೇಲಿನ ಚರ್ಮ ತೀರ ತೆಳುವಾಗಿದ್ದು, ಬೆಳಕನ್ನು ತಡೆಯುವ ಕಪ್ಪು ವರ್ಣಕೋಶಗಳು ಅಲ್ಲಿಲ್ಲ. ತನ್ನವರನ್ನು ಗುರುತಿಸಲು ಅಥವಾ ಹಗೆಗಳನ್ನು ಎಚ್ಚರಿಸಲು ಇದು ನೆರವಾಗಬಹುದು ಎಂದು ಸಂಶೋಧಕರು ಸೂಚಿಸಿದ್ದಾರೆ, ಸಾಧಿಸಿ ತೋರಿಸಿಲ್ಲ. ಕತ್ತಲೆಯಲ್ಲಿ ಮಿಂಚುಹುಳದ ಹಾಗೆ ತಾನಾಗಿ ಬೆಳಗುವ ಕಪ್ಪೆ ಎಂದು ಅಂತರ್ಜಾಲದಲ್ಲಿ ಹರಿದಾಡುವ ವಿವರಣೆ ತಪ್ಪು.

ಜಿಗಿದಾಗ ಮಗುಚಿ ಬೀಳುತ್ತದೆ ಎನ್ನುತ್ತಾರಲ್ಲ?

ಈ ಕುಲದ ಕಪ್ಪೆಗಳ ಜಿಗಿತವನ್ನು ಹೆಚ್ಚಿನ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದ ದೃಶ್ಯಗಳನ್ನು ಒಮ್ಮೆಯಾದರೂ ನೋಡಬೇಕು. ನೆಲದಿಂದ ಚಿಮ್ಮುವ ತನಕ ಎಲ್ಲವೂ ಸರಿಯಾಗಿರುತ್ತದೆ. ಹಿಂಗಾಲು ಒತ್ತುತ್ತದೆ, ಮೈ ಮೇಲೇಳುತ್ತದೆ. ಗಾಳಿಗೆ ಬಂದೊಡನೆ ಮೈ ನಿಧಾನವಾಗಿ ಒಂದು ಬದಿಗೆ ಉರುಳಲಾರಂಭಿಸುತ್ತದೆ. ಬೇರೆ ಕಪ್ಪೆಯಾಗಿದ್ದರೆ ಕಾಲುಗಳನ್ನು ಸರಿಸಿ ಅದನ್ನು ತಿದ್ದಿಕೊಳ್ಳುತ್ತಿತ್ತು. ಇದು ಕಾಲುಗಳನ್ನು ಚಾಚಿದಂತೆಯೇ ಬಿಟ್ಟು, ಪಲ್ಟಿ ಹೊಡೆಯುತ್ತ, ಕೊನೆಗೆ ಬೆನ್ನಿನ ಮೇಲೋ ಪಕ್ಕೆಯ ಮೇಲೋ ಬಿದ್ದು, ನೆಲಕ್ಕೆ ತಾಗಿ ಪುಟಿದು, ಆಮೇಲೆ ನೆಟ್ಟಗಾಗುತ್ತದೆ.

ಅಮೆರಿಕದ ರಿಚರ್ಡ್ ಎಸ್ನರ್ ಹಾಗೂ ಬ್ರೆಜಿಲ್‌ನ ಸಂಶೋಧಕರು ಜೊತೆಗೂಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣವನ್ನು ಒಳಗಿವಿಯಲ್ಲಿ ಗುರುತಿಸಿತು. ನಮ್ಮ ಕಿವಿಯಲ್ಲಿರುವಂತೆಯೇ ಕಪ್ಪೆಯ ಕಿವಿಯಲ್ಲಿಯೂ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ನೀರು ತುಂಬಿದ ಚೊಂಬನ್ನು ತಟ್ಟನೆ ತಿರುಗಿಸಿದರೆ ಒಳಗಿನ ನೀರು ಒಡನೆಯೇ ತಿರುಗದೆ ಹಿಂದುಳಿಯುವಂತೆ, ತಲೆ ತಿರುಗಿದಾಗ ನಾಳದೊಳಗಿನ ದ್ರವ ಹಿಂದುಳಿಯುತ್ತದೆ. ಆ ವ್ಯತ್ಯಾಸವನ್ನು ಸೂಕ್ಷ್ಮ ರೋಮಕೋಶಗಳು ಗ್ರಹಿಸಿ ಮಿದುಳಿಗೆ ತಿಳಿಸುತ್ತವೆ. ನಾಳ ತೀರ ಕಿರಿದಾದರೆ ಗೋಡೆಯ ಘರ್ಷಣೆಯಿಂದಾಗಿ ದ್ರವ ಸಾಕಷ್ಟು ಹರಿಯುವುದೇ ಇಲ್ಲ, ಹಾಗಾಗಿ ತಿರುಗುತ್ತಿದ್ದೇನೆ ಎಂಬ ಸುದ್ದಿ ಮಿದುಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಸಿ.ಟಿ. ಸ್ಕ್ಯಾನ್ ಮೂಲಕ ಅಳೆದಾಗ, ವಯಸ್ಕ ಕಶೇರುಕಗಳಲ್ಲಿ ಅದುವರೆಗೆ ದಾಖಲಾಗಿದ್ದ ಅತಿ ಚಿಕ್ಕ ನಾಳಗಳು ಈ ಕಪ್ಪೆಗಳಲ್ಲಿರುವುದು ಕಂಡುಬಂತು.

ಈ ದೃಶ್ಯಗಳನ್ನು ನಗೆಚಿತ್ರವಾಗಿ ಹಂಚಿಕೊಂಡವರೇ ಹೆಚ್ಚು. ಇದು ಅಸಾಮರ್ಥ್ಯ ಎನ್ನುವುದಕ್ಕಿಂತ, ದೇಹ ಇಷ್ಟು ಕಿರಿದಾದಾಗ ಭೌತಶಾಸ್ತ್ರ ಒಡ್ಡುವ ಗಡಿ ಎನ್ನುವುದು ಸರಿ. ಅಷ್ಟು ಹಗುರ ದೇಹಕ್ಕೆ ಬಿದ್ದರೂ ಪೆಟ್ಟಾಗುವುದಿಲ್ಲ, ಮತ್ತು ಇದರ ದಿನನಿತ್ಯದ ಓಡಾಟವೆಲ್ಲ ನಿಧಾನ ನಡಿಗೆಯೇ.

ವಿಷಕಾರಿಯೇ? ಮುಟ್ಟಿದರೆ ಅಪಾಯವೇ?

ಹೊನ್ನಹನಿ ಕಪ್ಪೆಯ ಚರ್ಮದಲ್ಲಿಯೂ ಒಳಾಂಗಗಳಲ್ಲಿಯೂ ಟೆಟ್ರೊಡೊಟಾಕ್ಸಿನ್ ಇದೆ. ಪಫರ್ ಮೀನಿನಲ್ಲಿರುವ ವಿಷವೇ ಇದು. ನರತಂತುಗಳಲ್ಲಿ ಸೋಡಿಯಂ ಹಾದುಹೋಗುವ ದ್ವಾರಗಳನ್ನು ಮುಚ್ಚಿ, ನರದ ಸಂದೇಶವನ್ನು ನಿಲ್ಲಿಸಿ, ಪ್ರಮಾಣ ಹೆಚ್ಚಾದರೆ ಉಸಿರಾಟದ ಸ್ನಾಯುಗಳನ್ನೇ ಸ್ತಬ್ಧಗೊಳಿಸುತ್ತದೆ. ಈ ವಿಷ ಇರುವುದು ಮೈಯಲ್ಲಿಯೇ ಆದ್ದರಿಂದ ಕಪ್ಪೆ ಕಚ್ಚುವ, ಚುಚ್ಚುವ ಮಾತಿಲ್ಲ. ತಿಂದ ಪ್ರಾಣಿಗೆ ಅಪಾಯ. ಕಡು ಕಿತ್ತಳೆ ಬಣ್ಣ ಅದರ ಎಚ್ಚರಿಕೆ. ಆದರೂ ಕಂಡಲ್ಲಿ ಬರಿಗೈಯಿಂದ ಎತ್ತಿಕೊಳ್ಳಬಾರದು, ನಮಗಿಂತ ಹೆಚ್ಚಾಗಿ ಅದರ ಹಿತಕ್ಕಾಗಿ: ಬಿಸಿಯಾದ ಒಣ ಅಂಗೈ ಇಷ್ಟು ಚಿಕ್ಕ ಕಪ್ಪೆಗೆ ಹಿಂಸೆ.

ಏನು ತಿನ್ನುತ್ತದೆ?

ತರಗೆಲೆಯಲ್ಲಿರುವ ನುಸಿಗಳು, ಜಿಗಿಬಾಲದ ಕೀಟಗಳು, ಇತರ ಸಣ್ಣ ಹುಳುಗಳು ಮತ್ತು ಅವುಗಳ ಮರಿಗಳು.

ನೀರಿಗಿಳಿಯದೆ ಮರಿ ಮಾಡುವುದು ಹೇಗೆ?

ಈ ಕಪ್ಪೆಯ ಬದುಕಿನಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಮಳೆಗಾಲದಲ್ಲಿ, ಅಂದರೆ ಅಲ್ಲಿನ ಲೆಕ್ಕದಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಗಂಡು ಹೆಣ್ಣನ್ನು ಮೊದಲು ಸೊಂಟದ ಬಳಿ ಹಿಡಿದುಕೊಳ್ಳುತ್ತದೆ. ಹೆಣ್ಣು ಗಂಡನ್ನು ಹೊತ್ತುಕೊಂಡೇ ತರಗೆಲೆಯ ಕೆಳಗೋ ಬಿದ್ದ ಮರದ ದಿಮ್ಮಿಯ ಕೆಳಗೋ ತೇವದ ಜಾಗ ಹುಡುಕುತ್ತದೆ. ಮೊಟ್ಟೆಯಿಡುವ ಹೊತ್ತಿಗೆ ಗಂಡು ಹಿಡಿತವನ್ನು ಮುಂದಕ್ಕೆ, ಕಂಕುಳಿನತ್ತ ಸರಿಸುತ್ತದೆ. ಇಡುವ ಮೊಟ್ಟೆಗಳು ಐದರ ಆಸುಪಾಸು ಮಾತ್ರ. ಆದರೆ ಒಂದೊಂದೂ ಸುಮಾರು 5 ಮಿಲಿಮೀಟರ್ ಅಡ್ಡಳತೆಯದು. ಎರಡು ಸೆಂಟಿಮೀಟರ್ ಕೂಡ ಇಲ್ಲದ ತಾಯಿಗೆ ಅದು ಬಹು ದೊಡ್ಡ ಮೊಟ್ಟೆ.

ಮೊಟ್ಟೆಯಿಟ್ಟ ಹೆಣ್ಣು ಮುಂದೆ ಮಾಡುವ ಕೆಲಸ ಗಮನಿಸುವಂಥದು. ಹಿಂಗಾಲುಗಳಿಂದ ಪ್ರತಿಯೊಂದು ಮೊಟ್ಟೆಯನ್ನೂ ಮಣ್ಣಿನ ಮೇಲೆ ಹೊರಳಿಸುತ್ತದೆ. ಅಂಟಂಟಾದ ಹೊರಪದರಕ್ಕೆ ಮಣ್ಣಿನ ಕಣಗಳು ಮೆತ್ತಿಕೊಂಡು, ಹಳದಿ ಮೊಟ್ಟೆ ನೆಲದ ಬಣ್ಣಕ್ಕೆ ತಿರುಗುತ್ತದೆ. ಬಳಿಕ ತಾಯಿ ಅಲ್ಲಿಂದ ಹೊರಟುಹೋಗುತ್ತದೆ, ಕಾವಲು ಕಾಯುವುದಿಲ್ಲ. ಮಣ್ಣಿನ ಈ ಹೊದಿಕೆ ಮೊಟ್ಟೆಯನ್ನು ಮರೆಮಾಡುವುದಲ್ಲದೆ ಒಣಗದಂತೆಯೂ ಕಾಪಾಡುತ್ತದೆ ಎಂದು ತಿಳಿಯಲಾಗಿದೆ. ಹಲವು ವಾರಗಳ ಕಾಲ ಮೊಟ್ಟೆಯೊಳಗೇ ಬೆಳೆದು, ಬಾಲದ ತುಣುಕಿನೊಂದಿಗೆ ಹೊರಬರುವುದು ಪುಟಾಣಿ ಕಪ್ಪೆಯೇ. ಆಗ ಅದರ ಮೈ ಕಂದು. ಹೊನ್ನಬಣ್ಣ ಬರುವುದು ಬೆಳೆದ ಮೇಲೆ.

ಕರ್ನಾಟಕದಲ್ಲಿ ಇಂಥ ಕಪ್ಪೆಗಳಿವೆಯೇ?

ಬ್ರಾಕಿಸೆಫಾಲಸ್ ಕುಲ ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿಗೆ ಸೇರಿದ್ದು. ನಮ್ಮಲ್ಲಿ ಅದರ ಹತ್ತಿರದ ಬಂಧುಗಳಿಲ್ಲ. ಆದರೆ ಇದೇ ಬಗೆಯ ನಡವಳಿಕೆಗಳು ಪಶ್ಚಿಮ ಘಟ್ಟದಲ್ಲಿ ಬೇರೆ ವಂಶಗಳಲ್ಲಿ ಮೂಡಿವೆ. ಮಲೆನಾಡಿನ ಪೊದೆಗಪ್ಪೆಗಳು ಗೊದಮೊಟ್ಟೆಯ ಹಂತವಿಲ್ಲದೆ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯಾಗಿ ಹೊರಬರುತ್ತವೆ. 2010ರಲ್ಲಿ ಅವುಗಳ ಕುಲಕ್ಕೆ ಸಿ. ಆರ್. ನಾರಾಯಣ ರಾವ್ ಅವರ ನೆನಪಿನಲ್ಲಿಯೇ ರಾವೊರ್ಕೆಸ್ಟಿಸ್ ಎಂಬ ಹೆಸರನ್ನಿಡಲಾಯಿತು. ಉತ್ತರ ಕನ್ನಡದ ಹಳ್ಳಗಳಿಂದ 2014ರಲ್ಲಿ ವರದಿಯಾದ ಕುಂಬಾರ ಕಪ್ಪೆಯಲ್ಲಿ ಗಂಡು ತನ್ನ ಮುಂಗಾಲುಗಳಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಹೊನ್ನಹನಿ ಕಪ್ಪೆಯಲ್ಲಿ ಆ ಕೆಲಸ ಹೆಣ್ಣಿನದು, ಹಿಂಗಾಲಿನದು. ಕುಂಬಾರ ಕಪ್ಪೆಯ ಗೊದಮೊಟ್ಟೆಗಳು ಕೊನೆಗೆ ಕೆಳಗಿನ ನೀರಿಗೆ ಬೀಳುತ್ತವೆ ಎಂಬ ದೊಡ್ಡ ವ್ಯತ್ಯಾಸವನ್ನೂ ಮರೆಯುವಂತಿಲ್ಲ.

ಈ ಕುಲದಲ್ಲಿ ಎಷ್ಟು ಪ್ರಭೇದಗಳಿವೆ? ಒಂದೊಂದು ಬೆಟ್ಟಕ್ಕೂ ಒಂದೊಂದು ಕಪ್ಪೆ ಎಂಬುದು ಉತ್ಪ್ರೇಕ್ಷೆಯಲ್ಲವೇ?

ಇದುವರೆಗೆ 40ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ, ಅವುಗಳಲ್ಲಿ ಹೆಚ್ಚಿನವು 1990ರ ದಶಕದ ಬಳಿಕ ಬೆಳಕಿಗೆ ಬಂದವು. 2015ರಲ್ಲಿ ಒಂದೇ ಪ್ರಬಂಧದಲ್ಲಿ ಏಳು ಹೊಸ ಪ್ರಭೇದಗಳು ಪ್ರಕಟವಾದವು. ಹೊನ್ನಹನಿ ಕಪ್ಪೆ ಎಂದೇ ಬಹುಕಾಲ ಎಣಿಸಲಾಗಿದ್ದ ಮಾಂಟಿಕೇರಾ ಬೆಟ್ಟಗಳ ಒಂದು ಕಪ್ಪೆಯನ್ನು 2021ರಲ್ಲಿ ಬ್ರಾಕಿಸೆಫಾಲಸ್ ರೊಟೆನ್‌ಬರ್ಗೆ ಎಂಬ ಬೇರೆ ಪ್ರಭೇದವಾಗಿ ವಿಂಗಡಿಸಲಾಯಿತು.

ಬೆಟ್ಟಕ್ಕೊಂದು ಕಪ್ಪೆ ಎಂಬ ಮಾತು ಇಡೀ ಕುಲಕ್ಕೆ ಅನ್ವಯಿಸದಿದ್ದರೂ, ದಕ್ಷಿಣದ ಪರಾನಾ ಮತ್ತು ಸಾಂಟಾ ಕಟರೀನಾ ರಾಜ್ಯಗಳ ಗುಂಪಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಅಲ್ಲಿ ಮಂಜು ಕವಿಯುವ ಗಿಡ್ಡಮರಗಳ ಕಾಡು ಬೆಟ್ಟದ ನೆತ್ತಿಯಲ್ಲಿ ಮಾತ್ರ ಇದೆ. ನಮ್ಮ ಘಟ್ಟದ ಶೋಲಾ ಕಾಡು ಕಂಡವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ತಣ್ಣನೆಯ ಆ ತುಂಡುಕಾಡಿಗೆ ಹೊಂದಿಕೊಂಡ ಕಪ್ಪೆ ಬೆಚ್ಚಗಿನ ಕಣಿವೆಯನ್ನು ದಾಟಿ ಮುಂದಿನ ಬೆಟ್ಟಕ್ಕೆ ಹೋಗಲಾರದು. ಹೀಗೆ ಬೇರ್ಪಟ್ಟ ಗುಂಪುಗಳು ದೀರ್ಘಕಾಲದಲ್ಲಿ ಬೇರೆ ಬೇರೆ ಬಣ್ಣ ತಳೆದು ಬೇರೆ ಪ್ರಭೇದಗಳಾದವು. ಪರಾನಾದ ಅನ್ಯಾಂಗಾವಾ ಬೆಟ್ಟದಿಂದ 1998ರಲ್ಲಿ ವರದಿಯಾದ ಬ್ರಾಕಿಸೆಫಾಲಸ್ ಪರ್ನಿಕ್ಸ್ ಇದಕ್ಕೊಂದು ಉದಾಹರಣೆ.

ಇದು ಅಳಿವಿನಂಚಿನಲ್ಲಿದೆಯೇ?

ಹೊನ್ನಹನಿ ಕಪ್ಪೆ ಸದ್ಯಕ್ಕೆ ಆ ಪಟ್ಟಿಯಲ್ಲಿಲ್ಲ. ಹರಡಿಕೊಂಡಿರುವ ಪ್ರದೇಶ ವಿಸ್ತಾರವಾಗಿದೆ ಮತ್ತು ಅದರ ನೆಲೆಗಳಲ್ಲಿ ಕೆಲವು ಸಂರಕ್ಷಿತ ಅರಣ್ಯಗಳೊಳಗಿವೆ. ಆತಂಕ ಇರುವುದು ಬೆಟ್ಟದ ನೆತ್ತಿಗೆ ಸೀಮಿತವಾದ ಅದರ ಬಂಧುಗಳ ಬಗ್ಗೆ. ಅಟ್ಲಾಂಟಿಕ್ ಕಾಡಿನ ಬಹುಪಾಲು ಕಬ್ಬು, ಕಾಫಿ, ಜಾನುವಾರು ಮೇವು ಮತ್ತು ನಗರಗಳಿಗಾಗಿ ಶತಮಾನಗಳಿಂದ ಕಡಿದುಹೋಗಿದೆ. ಉಳಿದಿರುವ ಬೆಟ್ಟದ ತುದಿಗಳಲ್ಲಿಯೂ ಕಾಡ್ಗಿಚ್ಚು, ದನಗಳ ತುಳಿತ, ಪೈನ್ ನೆಡುತೋಪು, ಕಲ್ಲುಗಣಿ ಒಂದೊಂದಾಗಿ ಒಳನುಗ್ಗುತ್ತಿವೆ. ಮರ ಉಳಿಸಿ ನೆಲ ಗುಡಿಸಿದರೂ ಸಾಕು, ತರಗೆಲೆಯ ಪದರ ಹಾಳಾಗಿ ಈ ಕಪ್ಪೆಗಳಿಗೆ ನೆಲೆ ತಪ್ಪುತ್ತದೆ. ಮೋಡದ ಮಟ್ಟ ಮೇಲಕ್ಕೆ ಸರಿದು ಹವೆ ಒಣಗಿದರೆ, ತಗ್ಗಿನಲ್ಲಿರುವ ಜೀವಿಗಳಿಗೆ ಮೇಲೇರಲು ಜಾಗವಿರುತ್ತದೆ. ನೆತ್ತಿಯಲ್ಲಿರುವುದಕ್ಕೆ ಹೋಗಲು ಮತ್ತೊಂದು ಜಾಗವಿಲ್ಲ. ಒಂದು ಬೆಟ್ಟದ ಕೆಲವು ಎಕರೆ ಸುಟ್ಟರೆ ಒಂದು ಪ್ರಭೇದವೇ ಹೋಗಬಹುದು ಎಂಬುದನ್ನು ಅರಣ್ಯ ನಾಶದ ಲೆಕ್ಕ ಬರೆಯುವವರು ಗಂಭೀರವಾಗಿ ಪರಿಗಣಿಸಬೇಕು.

ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ರೋಗ ಇವುಗಳಿಗೂ ತಗಲುತ್ತದೆಯೇ?

ಕೈಟ್ರಿಡ್ ಶಿಲೀಂಧ್ರ ನೀರಿನ ಮೂಲಕ ಹರಡುವುದರಿಂದ ನೀರಿಗಿಳಿಯದ ಕಪ್ಪೆಗಳಿಗೆ ಅದರ ಸೋಂಕು ತಗಲುವ ಸಂದರ್ಭ ಕಡಿಮೆ. ಇದನ್ನೇ ಹಿಡಿದು ಅವು ಸುರಕ್ಷಿತ ಎನ್ನಲಾಗದು. ನೀರಿನ ಸಂಪರ್ಕವಿಲ್ಲದೆ ಬೆಳೆಯುವ ಕಪ್ಪೆಗಳಿಗೆ ಸೋಂಕು ತಗಲಿದಾಗ ಅದನ್ನು ಎದುರಿಸುವ ಶಕ್ತಿ ಕಡಿಮೆ ಎಂದು ಬ್ರೆಜಿಲ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ.

ಮನೆಯಲ್ಲಿ ಸಾಕಬಹುದೇ?

ಸಾಕಬಾರದು. ಪರವಾನಗಿಯಿಲ್ಲದೆ ಕಾಡುಪ್ರಾಣಿಯನ್ನು ಹಿಡಿಯುವುದು, ಸಾಗಿಸುವುದು ಬ್ರೆಜಿಲ್‌ನ 1998ರ ಪರಿಸರ ಅಪರಾಧ ಕಾಯ್ದೆಯ ಪ್ರಕಾರ ಶಿಕ್ಷಾರ್ಹ.

ಬ್ರೆಜಿಲ್‌ಗೆ ಹೋದವರು ಇದನ್ನು ಕಾಣಲು ಏನು ಮಾಡಬೇಕು?

ರಿಯೊ ಡಿ ಜನೈರೊ ಮತ್ತು ಸಾವೊ ಪಾಲೊ ರಾಜ್ಯಗಳ ಬೆಟ್ಟದ ಸಂರಕ್ಷಿತ ಅರಣ್ಯಗಳಿಗೆ ಮಳೆಗಾಲದಲ್ಲಿ, ಸ್ಥಳೀಯ ಮಾರ್ಗದರ್ಶಕರ ಜೊತೆಗೆ ಹೋಗಬೇಕು. ಹೊನ್ನಹನಿ ಕಪ್ಪೆ ಹಗಲಿನ ಪ್ರಾಣಿಯಾದ್ದರಿಂದ ಟಾರ್ಚ್ ಹಿಡಿದು ರಾತ್ರಿ ಅಲೆಯಬೇಕಿಲ್ಲ. ಮಳೆ ನಿಂತ ಮೇಲೆ, ನೆಲ ಇನ್ನೂ ತೊಯ್ದಿರುವಾಗ ತರಗೆಲೆಯ ಮೇಲೆ ಬಂದು ನಡೆದಾಡುತ್ತದೆ. ಒಣ ದಿನಗಳಲ್ಲಿ ಕೆಳಗೆ ಅಡಗಿರುತ್ತದೆ. ಕಾಲುದಾರಿಯನ್ನು ಬಿಟ್ಟು ತರಗೆಲೆಯ ಮೇಲೆ ಹೆಜ್ಜೆಯಿಡಬಾರದು, ಎಲೆಗಳನ್ನು ಕೆದಕಬಾರದು, ದಿಮ್ಮಿಗಳನ್ನು ಮಗುಚಬಾರದು. ಮಣ್ಣು ಮೆತ್ತಿದ ಮೊಟ್ಟೆಗಳು ಅಲ್ಲಿಯೇ ಇರುತ್ತವೆ ಮತ್ತು ಅವು ಕಣ್ಣಿಗೆ ಕಾಣುವುದಿಲ್ಲ. ಬೇರೆ ಕಾಡಿನಲ್ಲಿ ಓಡಾಡಿದ ಬೂಟುಗಳಾದರೆ ಅಲ್ಲಿಗೆ ಹೋಗುವ ಮೊದಲು ಚೆನ್ನಾಗಿ ತೊಳೆದು ಒಣಗಿಸಿಕೊಳ್ಳಬೇಕು.